ಗೋಡೆ ಕೆಡವಿದ ಶ್ರೀ ಗಣೇಶಪ್ಪನವರು

ನಮ್ಮೂರಲ್ಲಿ ಯಾರ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದರೂ, ಯಾರ ಪಹಣಿಯಲ್ಲಿ ಅಪ್ಪನ ಜಾಗದಲ್ಲಿ ಮಗ ಕೂತಿದ್ದರೂ ಅರ್ಜಿ ಬರೆದುಕೊಡುವವನು ನಾನೇ. ಹೀಗಿರುವಾಗ ನನ್ನದೇ ಅಡುಗೆಮನೆಯ ಗೋಡೆ ಬಿದ್ದರೆ ನಾನು ಹೆದರುತ್ತೇನೆಯೇ? ಮನೆಗೆ ವಿಮೆ ಇತ್ತು, ಕೈಯಲ್ಲಿ ಪೆನ್ನಿತ್ತು.

ಬೀಳಿಸಿದ್ದು ಆನೆ. ಎಚ್.ಡಿ. ಕೋಟೆಯ ಕಾಡಂಚಿನ ಊರು ನಮ್ಮದು. ಹಣ್ಣಾಗಲೆಂದು ಒಲೆಯ ಪಕ್ಕ ಇಟ್ಟಿದ್ದ ಹಲಸಿನ ವಾಸನೆ ಹಿಡಿದು ಬೆಳಗಿನ ಜಾವ ಬಂದ ಆನೆ, ಗೋಡೆ ಕೆಡವಿ, ಹಣ್ಣು ತಿಂದು ಹೋಯಿತು.

ನನ್ನ ಹೆಂಡತಿ ಸಾವಿತ್ರಿ ಅದರ ಹೆಸರೆತ್ತಲು ಬಿಡಲಿಲ್ಲ. "ಎಸ್ರು ಯೋಳ್ಬೇಡಿ ಕಣ್ರೀ, ಕರೆದ್ರು ಅಂತ ತಿರ್ಗಾ ಬತ್ತದೆ. ಗಣೇಶಪ್ಪ ಅನ್ನಿ. ಮಳೆ ಇಡ್ಯದ್ರೊಳ್ಗೆ ಗೋಡೆ ಎದ್ದಿರ್ಬೇಕು. ಟಾರ್ಪಾಲ್ ಕೆಳ್ಗೆ ಮುದ್ದೆ ತಿರುವಕ್ಕೆ ನನ್ ಕೈಲಾಗಕಿಲ್ಲ."

ವಿಮೆ ಕಂಪನಿಗೆ ಬರೆದೆ: "ಶ್ರೀ ಗಣೇಶಪ್ಪನವರು ನಮ್ಮ ಮನೆಗೆ ಆಗಮಿಸಿ, ಗೋಡೆಯನ್ನು ಕೆಡವಿ, ಹಲಸಿನ ಹಣ್ಣನ್ನು ಸೇವಿಸಿ ನಿರ್ಗಮಿಸಿರುತ್ತಾರೆ." 'ಶ್ರೀ' ಸೇರಿಸಿದ್ದು ನನ್ನದೇ ಬುದ್ಧಿ. ದೇವರ ಹೆಸರನ್ನು ಬರಿದಾಗಿ ಬರೆಯಲು ಮನಸ್ಸು ಬರಲಿಲ್ಲ.

ನಷ್ಟ ಅಂದಾಜು ಮಾಡಲು ಮೈಸೂರಿನಿಂದ ಸರ್ವೇಯರ್ ಬಂದರು. ಪಟ್ಟಣದವರು ಬರುತ್ತಾರೆಂದು ಸಾವಿತ್ರಿ ಅಷ್ಟರಲ್ಲಿ ಲದ್ದಿಯನ್ನು ತಿಪ್ಪೆಗೆ ಹಾಕಿ, ಅಂಗಳದ ಹೆಜ್ಜೆಗುರುತನ್ನೆಲ್ಲ ಸಾರಿಸಿ, ರಂಗೋಲಿ ಬಿಟ್ಟಿದ್ದಳು.

"ಈ ಗಣೇಶಪ್ಪ ಯಾರು?" ಎಂದರು ಸರ್ವೇಯರ್.

"ಈ ಕಡೆ ಎಲ್ಲರಿಗೂ ಗೊತ್ತು ಸಾರ್, ಭಾರೀ ಆಳು," ಎಂದು ನಕ್ಕು ಕಾಫಿ ತರಲು ಒಳಗೆ ಹೋದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಗುಂಡಣ್ಣ ಬೇಲಿ ದಾಟಿ ಬಂದ. ಆಳೂ ಅಗಲ, ಮನಸ್ಸೂ ಅಗಲ. ಹಿಂದಿನ ವಾರವಷ್ಟೇ ನಾನು ಅವನಿಗೂ ಒಂದು ಹಲಸಿನ ಹಣ್ಣು ಕೊಟ್ಟಿದ್ದೆ. ಹುಟ್ಟಿದಾಗಿನಿಂದ ಅವನನ್ನು ಗುಂಡಣ್ಣ ಎಂದೇ ಕರೆದವನು ನಾನು. ಅವನ ರೇಷನ್ ಕಾರ್ಡಿನಲ್ಲಿ ಗಣೇಶಪ್ಪ ಎಂದಿರುವುದು, ಆ ಕಾರ್ಡಿಗೆ ಅರ್ಜಿ ಬರೆದ ನನಗೇ ಹೊಳೆಯಲಿಲ್ಲ.

"ಗಣೇಶಪ್ಪ ಅಂದರೆ ನೀವಾ?" ಎಂದು ಸರ್ವೇಯರ್ ಕೇಳಿದರಂತೆ.

"ಊ ಸಾರ್, ನಾನೇಯ."

"ಇವರ ಮನೆಗೆ ಬಂದಿದ್ರಾ?"

"ದಿನಾ ಬತ್ತೀನಿ."

"ಹಲಸಿನ ಹಣ್ಣು ತಿಂದ್ರಾ?"

"ಸುಳ್ಯಾಕ್ ಯೋಳ್ಲಿ ಸಾರ್? ಒಂದ್ ತೊಳೆನೂ ಬುಡ್ಲಿಲ್ಲ."

ಅವರು ಅದನ್ನೆಲ್ಲ ಬರೆದು ಅವನ ಸಹಿ ಹಾಕಿಸಿದರು. ಕಾಫಿ ಲೋಟ ಹಿಡಿದು ಬಂದ ನಾನು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ಓದಲಿಲ್ಲ. ಓದದೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು.

ಕೆಲವು ದಿನಗಳಲ್ಲಿ ಪತ್ರ ಬಂತು: ಹಾನಿ ಮಾಡಿದವರು ಒಪ್ಪಿಕೊಂಡಿರುವುದರಿಂದ ನಷ್ಟವನ್ನು ಅವರಿಂದಲೇ ಪಡೆಯತಕ್ಕದ್ದು. ಗುಂಡಣ್ಣನಿಗೆ ಕಂಪನಿಯ ವಕೀಲರ ನೋಟಿಸು. ಅವನು ಅದನ್ನು ಹಿಡಿದು ನೇರ ನಮ್ಮ ಅಂಗಳಕ್ಕೆ ಬಂದ.

"ಏನ್ಲಾ ಸೋಮ, ಅಣ್ ತಿಂದಿದ್ಕೆ ಗೋಡೆ ಕಟ್ಕೊಡ್ಬೇಕಾ? ಕೊಡ್ವಾಗ್ಲೇ ಯೋಳ್ಬಾರ್ದಾಗಿತ್ತಾ?"

ಮೊದಲ ಮಳೆ ಬಿದ್ದಿತ್ತು. ಟಾರ್ಪಾಲಿನ ಕೆಳಗೆ ಒದ್ದೆ ಸೌದೆ ಊದುತ್ತಿದ್ದ ಸಾವಿತ್ರಿ, "ಬರ್ಯೋದ್ ಕಲ್ತಿರೋ ಗಂಡನ್ನ ಕಟ್ಕಂಡು ನನ್ಗೀ ಗತಿ ಬಂತು ನೋಡು ಗುಂಡಣ್ಣ," ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕಂಪನಿಗೆ ಓಡಿದೆ. ಈ ಸಲ ಹೆಸರೆತ್ತಿಯೇ ಹೇಳಿದೆ: "ಆನೆ ಸಾರ್. ಗಣೇಶಪ್ಪ ಅಂದರೆ ಆನೆ."

ಅಧಿಕಾರಿ ಕಡತ ತಿರುವಿದರು. "ಮನುಷ್ಯ ಅಂತ ನೀವೇ ಸಾಕ್ಷಿ ಹಾಕಿದೀರಲ್ರೀ. ಇವರು ಬೇರೆ, ಆನೆ ಬೇರೆ ಅಂತ ಅಫಿಡವಿಟ್ ತನ್ನಿ, ನೋಡೋಣ."

ಗುಂಡಣ್ಣನ ಕೈಕಾಲು ಹಿಡಿದು ಕೋಟೆಯ ನೋಟರಿ ಬಳಿ ಕರೆದೊಯ್ದೆ. ಛಾಪಾಕಾಗದದ ಮೇಲೆ ನಾನೇ ದುಂಡಗೆ ಬರೆದೆ: "ಗಣೇಶಪ್ಪನಾದ ನಾನು ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ, ನಾನು ಆನೆಯಲ್ಲ."

ನೋಟರಿ ಕಾಗದ ಓದಿದರು. ಗುಂಡಣ್ಣನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೊಮ್ಮೆ ಓದಿದರು.

"ಇದನ್ನ ಬರೆದವರು ಯಾರು?"

"ಇವ್ನೇ ಸಾರ್," ಎಂದು ಗುಂಡಣ್ಣ ನನ್ನತ್ತ ಬೆರಳು ಮಾಡಿದ. "ನಾನು ಆನೆ ಅಲ್ಲ ಅಂತ ಸೈನ್ ಆಕ್ತೀನಿ. ಇವ್ನು ಕತ್ತೆ ಅಲ್ಲ ಅಂತ ಮಾತ್ರ ಆಕಕಿಲ್ಲ."

ಆ ಕಾಗದದ ಬಲದಿಂದ ಕ್ಲೇಮು ಪಾಸಾಗಿ ಗೋಡೆ ಎದ್ದಿತು. ಕತ್ತೆಯ ವಿಷಯದಲ್ಲಿ ಮಾತ್ರ ನನ್ನ ಕೈಯಲ್ಲಿ ಇಂದಿಗೂ ಯಾವ ಅಫಿಡವಿಟ್ಟೂ ಇಲ್ಲ.