ಬಾದಾಮಿ ಹಾಲಿನೊಳಗಿನ ಹಾಲು

ಹೊಗಳಿಸಿಕೊಂಡು ಅಭ್ಯಾಸವಿಲ್ಲದವನನ್ನು ಯಾರೂ ಒಮ್ಮೆಲೇ ಹೊಗಳಬಾರದು, ಕೆಟ್ಟುಹೋಗುತ್ತಾನೆ. ನಾನು ಕೆಟ್ಟದ್ದು ಹಾಗೆಯೇ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ನನ್ನನ್ನು ಹೊಗಳಲು ಅಲ್ಲಿಯವರೆಗೆ ಯಾರಿಗೂ ಕಾರಣ ಸಿಕ್ಕಿರಲಿಲ್ಲ.

ಮಳೆ ಕೈಕೊಟ್ಟ ವರ್ಷ ಭಾತಂಬ್ರಾದ ಜನ ಪುಣೆ, ಹೈದರಾಬಾದಿನ ಬಸ್ಸು ಹತ್ತಿದರೆ ನಾನು ಬೀದರಿನ ಬಸ್ಸು ಹತ್ತಿ ನೌಬಾದದ ಅಕ್ಕನ ಮನೆ ಸೇರಿಕೊಂಡೆ. ಹೊಟ್ಟೆಗೆ ಆಗುವುದಿಲ್ಲವೆಂದು ಡಾಕ್ಟರು ಆಗಷ್ಟೇ ಅಕ್ಕನಿಗೆ ಹಾಲು ಬಂದ್ ಮಾಡಿದ್ದರು. ಊಟ ಬಿಟ್ಟಾಳು, ಚಹಾ ಬಿಡುವವಳಲ್ಲ ಅವಳು. ಕರಿ ಚಹಾ ಮುಂದಿಟ್ಟುಕೊಂಡು ಸತ್ತವರ ಮನೆಯಲ್ಲಿ ಕೂತಂತೆ ಕೂರುತ್ತಿದ್ದಳು. “ಕಾಳಿಂದು, ಬೀಜದ್ದು ಹಾಲು ನಡೀತದಂತ. ಏನರೆ ನೋಡೋ ತಮ್ಮಾ” ಎಂದಳು. ಊರಿಂದ ತಂದಿದ್ದ, ನಮ್ಮ ಹೊಲದ ಹಿಂದಿನ ವರ್ಷದ ಸೋಯಾವನ್ನೇ ರುಬ್ಬಿ ಹಾಲು ಹಿಂಡಿಕೊಟ್ಟೆ. “ಇದನ್ನ ಎಮ್ಮಿನೂ ಮೂಸಂಗಿಲ್ಲ” ಎಂದು ಲೋಟ ಸರಿಸಿದಳು. ಆಮೇಲೆ ಅಂಗಡಿಯಿಂದ ಬಾದಾಮಿ ಹಾಲಿನ ಬಾಟಲಿ ತಂದೆ. ಅದನ್ನು ಕಾಯಿಸಿ ಚಹಾಪುಡಿ ಹಾಕಿ ಕುಡಿದವಳ ಮುಖ ಅರಳಿತು. ಗೋಡೆಯಾಚೆಯ ನೆರೆಯವಳನ್ನು ಕೂಗಿ ಹೇಳಿದಳು: “ಸಾಲಿ ಕಲ್ತಿಲ್ಲ ಅಂತಾರ, ನಮ್ಮ ತಮ್ಮಗ ಎಷ್ಟು ತಿಳಿತದ ನೋಡ್ರಿ ವೈನಿ!”

ಮತ್ತೆ ಬಾಟಲಿ ತರಲು ಹೋದಾಗ, ಅಕ್ಕನಿಗೆ ಹಾಲು ಬಂದ್ ಆದ ಸುದ್ದಿ ಕೇಳಿ ಅಂಗಡಿಯವನು ನಕ್ಕ. “ಬಾದಾಮಿದು ಹಾಲಲ್ರಿ ಕಾಕಾ, ಹಾಲಿನಾಗ ಬಾದಾಮಿ! ಪಕ್ಕಾ ಆಕಳ ಹಾಲದ.” ಎತ್ತಿಕೊಂಡಿದ್ದ ಬಾಟಲಿಯನ್ನು ಮರಳಿ ಇಟ್ಟೆ. ಆದರೆ ವೈನಿಯ ಮುಂದೆ ಜಾಣನಾಗಿ ಇನ್ನೂ ಒಂದು ದಿನವೂ ಕಳೆದಿರಲಿಲ್ಲ. ಬಾಟಲಿ ತಂದೇಬಿಟ್ಟೆ.

ಅಕ್ಕನ ಹೊಟ್ಟೆ ಗುಡುಗಿತು. ತಪ್ಪು ಬದನೆಕಾಯಿಯ ಮೇಲೆ ಹೋಗಿ ಅದು ಮನೆಯಿಂದ ಗಡಿಪಾರಾಯಿತು. ಹಿಂದೆಯೇ ತೊಗರಿಬೇಳೆ. ಕಡೆಗೆ, ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ, ಕ್ಷೀಣ ದನಿಯಲ್ಲಿ, “ನಾಳಿಂದ ಜ್ವಾಳದ ರೊಟ್ಟಿನೂ ಬ್ಯಾಡ” ಎಂದಳು. ರೊಟ್ಟಿಯೂ ಬಿಟ್ಟರೆ ಅಕ್ಕ ಉಳಿಯುವುದು ಹೇಗೆ? ಎಲ್ಲ ಒದರಿಬಿಟ್ಟೆ.

“ಬದ್ನಿಕಾಯಿ ಏನ್ ಪಾಪ ಮಾಡಿತ್ತೋ, ಖೋಡಿ!” ಎಂದು ಅಕ್ಕ ಬೈದಳು. ಆಮೇಲೆ, “ಅವ್ವ ಹುಗ್ಗಿಗೆ ಕುಸುಬಿ ಹಾಲು ಹಿಂಡ್ತಿದ್ಳು. ಇಬ್ಬರಿಗೂ ನೆನಪಾಗಲಿಲ್ಲ ನೋಡು” ಎಂದು ರುಬ್ಬುವ ಕಲ್ಲು ತೋರಿಸಿದಳು.

ಈಗ ದಿನಾ ಕುಸುಬಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡುವುದು ನನ್ನ ಕೆಲಸ. ಚಹಾಕ್ಕೆ ಕೊಂಚ ಎಣ್ಣೆಯ ವಾಸನೆ ಇದ್ದರೂ ಅಕ್ಕನ ಹೊಟ್ಟೆ ತಣ್ಣಗಿದೆ, ಬದನೆಕಾಯಿ ಮನೆಗೆ ಮರಳಿದೆ. ನಾನು ಬೆವರುತ್ತಿರುವಾಗ ಅಕ್ಕ ಗೋಡೆಯಾಚೆಗೆ ಕೂಗುತ್ತಾಳೆ: “ಸಾಲಿ ಕಲ್ತಿಲ್ಲ ಅಂತಾರ, ನಮ್ಮ ತಮ್ಮ ಎಷ್ಟು ಸಣ್ಣ ರುಬ್ತಾನ ನೋಡ್ರಿ ವೈನಿ!” ಚುಚ್ಚುತ್ತಿದ್ದಾಳೆಂದು ಗೊತ್ತು. ಆದರೂ ಮರುದಿನಕ್ಕೆ ಒಂದು ಹಿಡಿ ಕುಸುಬಿ ಹೆಚ್ಚಿಗೇ ನೆನೆಹಾಕುತ್ತೇನೆ.