ಸುರಗಿ ಮರ ಮತ್ತು ಅತ್ತೆಯ ಓದು

ನಮ್ಮ ಅತ್ತೆಗೆ ‘ಅ’ ಯಾವುದು ‘ಆ’ ಯಾವುದು ಗೊತ್ತಿರಲಿಲ್ಲ. ಆದರೂ ಧಾರೇಶ್ವರದ ಸುತ್ತ ನಾಲ್ಕೂರಿನಲ್ಲಿ ಅವರಷ್ಟು ಪುಸ್ತಕ ಬಿಡಿಸಿದವರು ಇನ್ನೊಬ್ಬರಿಲ್ಲ! ನಂಬುವುದಿಲ್ಲವೇ? ನಾನೂ ಮೊದಲು ನಂಬಲಿಲ್ಲ.

ಎಲ್ಲದಕ್ಕೂ ಮನೆ ಮುಂದಿನ ಸುರಗಿ ಮರವೇ ಕಾರಣ. ಹೂ ಬಿಡುವ ಕಾಲದಲ್ಲಿ ಬೆಳಗಾದರೆ ಅತ್ತೆ ಅದರ ಬುಡದಲ್ಲಿ ಹಳೆ ಸೀರೆ ಹಾಸಿ ಕೂತುಬಿಡುವರು. ಮಾವನನ್ನು ಒಂದು ದಿನವೂ ಹೊಗಳಿದವರಲ್ಲ, ಮರವನ್ನು ದಿನಾ ಹೊಗಳುವರು! ಸುರಗಿ ಒಣಗಿದರೂ ಪರಿಮಳ ಬಿಡುವುದಿಲ್ಲ. ಒಣಗಿದ್ದನ್ನು ಅತ್ತೆ ಊರಿಗೆಲ್ಲ ಹಂಚುವರು: ಬಟ್ಟೆ ಪೆಟ್ಟಿಗೆಗೆ ಒಂದು ಮುಷ್ಟಿ, ಪುಸ್ತಕದೊಳಗೆ ನಾಲ್ಕು. “ಹುಳ ಹಿಡಿತಿಲ್ಲೆ” ಎಂದು ಶಾಲೆಯ ಕಪಾಟಿಗೂ ತಾವೇ ಹೋಗಿ ಹಾಕಿ ಬರುವರು. ಬೇಡ ಎನ್ನುವ ಧೈರ್ಯ ಯಾರಿಗಿತ್ತು?

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೂರು-ನಾಲ್ಕು ವರ್ಷಕ್ಕೆ ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ಕೆಂಪು ಗುರುತು ಹಾಕಿದರು. ಅತ್ತೆ ತೆಂಗಿನ ಸಿಪ್ಪೆ, ಬೂದಿ ತಂದು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ತೆಗೆದರು. ಅವರು ಮತ್ತೆ ಹಾಕಿದರು, ಇವರು ಮತ್ತೆ ತಿಕ್ಕಿದರು. ಮೂರನೆಯ ಸಲ ಅತ್ತೆ ಕೆಮ್ಮಣ್ಣು ಕಲಸಿ ಅದೇ ಗುರುತನ್ನು ನಮ್ಮ ಕೊಟ್ಟಿಗೆಯ ಕಂಬಕ್ಕೆ ಬಳಿದು, “ಬೇಕಾರೆ ಇದ್ನ ತಗಂಡು ಹೋಗಿ” ಎಂದರು! ಕೊಟ್ಟಿಗೆಯ ಚಾಕರಿ ನನ್ನದು. ಒಯ್ದಿದ್ದರೆ ನನಗೇನೂ ಬೇಸರವಿರಲಿಲ್ಲ.

ಮರವೇ ಹೋಯಿತು. ಕಡಿಯುವವರಿಗೆ ಅತ್ತೆಯೇ ಮಜ್ಜಿಗೆ ಕೊಟ್ಟರು. ಅಳಲಿಲ್ಲ. ಆದರೆ ಊಟಕ್ಕೆ ಕೂತರೆ ಎರಡೇ ತುತ್ತು. ತಿಂಗಳೊಳಗೆ ಬಳೆ ಮೊಣಕೈವರೆಗೆ ಜಾರುವಷ್ಟು ಬಡವಾದರು. ವೈದ್ಯರ ಕಷಾಯ ತರಿಸಿದೆವು. ಅದನ್ನು ಕುಡಿದ ದಾಸವಾಳದ ಗಿಡ ಚೆನ್ನಾಗಿ ಚಿಗುರಿತು!

ಒಂದು ದಿನ ಮಾವ ಹಳೆಯ ಪಂಚಾಂಗ ಬಿಡಿಸಿದಾಗ ಒಳಗಿಂದ ನಾಲ್ಕು ಒಣ ಸುರಗಿ ಬಿತ್ತು. ಅತ್ತೆ ಪಂಚಾಂಗ ಕಸಿದುಕೊಂಡು, ಹಾಳೆಗಳ ನಡುವೆ ಮೂಗಿಟ್ಟು ಗೋಡೆಗೊರಗಿದರು. ಅವತ್ತು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮಾರನೆಯ ದಿನದಿಂದ ಮನೆ ಮನೆ ತಿರುಗಿ ಪುಸ್ತಕ ತರಲು ಶುರು! ಅತ್ತೆಗೆ ಮುದಿವಯಸ್ಸಿನಲ್ಲಿ ವಿದ್ಯೆ ಹತ್ತಿತು ಎಂದು ಊರೇ ಆಡಿಕೊಂಡಿತು. ಅವರು ಓದುವುದು ಮೂಗಿನಿಂದ ಎಂದು ನಾನು ಯಾರಿಗೂ ಹೇಳಲಿಲ್ಲ. ಶಾಲೆಯ ಮಾಸ್ತರರಂತೂ ಮನೆಗೇ ಬಂದು ವಿಚಾರಿಸಿದರು.

“ಹೆಂಗಿತ್ತು ಅಮ್ಮ, ಆ ಕಾದಂಬರಿ?”

“ಸುರುವಿಗೆ ಚಲೋ ಇದ್ದು ಮಾಸ್ತರೆ. ನಡುವೆ ಎಂತದೂ ಇಲ್ಲೆ. ಕಡೇ ಎರಡು ಹಾಳೆ ಮಾತ್ರ ಅಡ್ಡಿಲ್ಲೆ.”

ಮಾಸ್ತರರು ಬೆರಗಾದರು. “ಹೌದಮ್ಮ, ನನಗೂ ಹಾಗೇ ಅನ್ನಿಸಿತ್ತು!”

ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ.

ಪರಿಮಳವೆಂದರೂ ಎಷ್ಟು ದಿನ? ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪುಸ್ತಕಗಳಿಗೆ ಬರೀ ಮುಗ್ಗಲು ವಾಸನೆ. ಮತ್ತೆ ಎರಡೇ ತುತ್ತು. ನನಗೆ ಸಿಟ್ಟು ಬಂತು.

“ವಾಸನೆ ಹೋತಲ್ಲ ಅತ್ತೆ, ಇನ್ನೆಂತಕ್ಕೆ ಈ ಪುಸ್ತಕ? ಕೊಟ್ಟಿಕ್ಕಿ ಬತ್ತೆ, ಇತ್ಲಾಗೆ ಕೊಡಿ.”

ಅವರು ಕೊಡಲಿಲ್ಲ. “ನೀನು ಎರಡನೇ ಇಯತ್ತೆ ಕಲ್ತವಳಲ್ದ? ಸ್ವಲ್ಪ ಓದು ಕೂಸೆ. ಇಷ್ಟು ವರ್ಷ ಯನ್ನ ಹೂ ಎಂತರ ನಡುವೆ ಮಲಗಿತ್ತು, ಕೇಳನ.”

ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಅರ್ಧ ಹಾಳೆಗೆ ಭತ್ತ ಕುಟ್ಟಿದಷ್ಟು ಬೆವರು!

“ಮುಂದೆ ಎಂತಾತು?” ಎಂದರು ಅತ್ತೆ.

“ಉಂಡ್ರೆ ಓದ್ತೆ.”

ಉಂಡರು.

ಹೀಗೆ ಐದಾರು ವರ್ಷ ನಡೆಯಿತು. ಅವರು ಹೋದಾಗ ಒಂದು ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದರಲ್ಲಿ ಮುಂದೆ ಎಂತಾತು ಎಂದು ನಾನು ಇವತ್ತಿಗೂ ನೋಡಿಲ್ಲ.