ಪೇರಿಸುವವನಿಗೆ ಪ್ರೇರಣೆ

ನನ್ನ ಗಂಡ ಸಿಲ್ವೊನನ್ನು ಕೆಡಿಸಿದ್ದು ಕುಡಿತವಲ್ಲ, ಇಸ್ಪೀಟಲ್ಲ, ನಾನು. ಅದೂ ಅತ್ಯಂತ ಘನ ಉದ್ದೇಶದಿಂದ. (ಇಷ್ಟನ್ನಾದರೂ ಹೇಳಿಕೊಳ್ಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.)

ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಸಿಲ್ವೊ ಎರಡು ತಿಂಗಳು ಕಿಟಕಿ ಪಕ್ಕ ಕೂತು ಎದುರಿನ ಬೆಟ್ಟವನ್ನು ಕಾದ, ಅದೆಲ್ಲಿ ಓಡಿಹೋದೀತೋ ಎಂಬಂತೆ. ಊಟ ಅರ್ಧ, ಮಾತು ಕಾಲು. ಏಪ್ರಿಲ್‌ನಲ್ಲಿ ಚಳಿಗಾಲಕ್ಕೆಂದು ತರಿಸಿದ ಬೀಚ್ ಮರದ ಸೌದೆ ಅಂಗಳಕ್ಕೆ ಬಂದು ಬಿತ್ತು. ಅದನ್ನು ಗೋಡೆಗೆ ಒರಗಿಸಿ ಪೇರಿಸತೊಡಗಿದ ನೋಡಿ, ಮನುಷ್ಯನೇ ಬದಲಾದ! ಸಿಳ್ಳೆ ಹಾಕಿದ. ಎರಡು ಬಟ್ಟಲು ಸೂಪು ಕುಡಿದ. ಜೂನ್ ಹೊತ್ತಿಗೆ ಒಟ್ಟಿಲಿನ ಮೂಲೆಗಳು ದುಂಡಗಾಗಿ, ನಡುವೆ ಸೌದೆಯ ತುದಿಗಳಿಂದಲೇ ಒಂದು ಸೂರ್ಯ ಮೂಡಿದ್ದ. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

ನಾನು ಸುಮ್ಮನಿರಬೇಕಿತ್ತು. ಆದರೆ ಅದೇ ವಾರ ಊರ ಗ್ರಂಥಾಲಯದಲ್ಲಿ ರಾಜಧಾನಿ ಲ್ಯುಬ್ಲ್ಯಾನಾದಿಂದ ಬಂದ ಒಬ್ಬ ಹುಡುಗಿ 'ಪ್ರೇರಣೆ'ಯ ಬಗ್ಗೆ ಉಪನ್ಯಾಸ ಕೊಟ್ಟಳು. ಮನುಷ್ಯನಿಗೆ ಗುರಿ ಬೇಕಂತೆ, ಹೊಗಳಿಕೆ ಬೇಕಂತೆ, ಬಹುಮಾನ ಬೇಕಂತೆ. ಇದನ್ನೆಲ್ಲ ಕೊಟ್ಟರೆ ಸೌದೆಯಿಂದ ಶುರುವಾದ ಉತ್ಸಾಹ ಮನೆಯ ಸೋರುವ ನಲ್ಲಿಯ ರಿಪೇರಿಯವರೆಗೂ ಹರಿದೀತೆಂದು ಲೆಕ್ಕ ಹಾಕಿ, ಪೇರಿಸುವವನನ್ನು ಪ್ರೇರಿಸಲು ಹೊರಟೆ.

"ಶಭಾಷ್ ಸಿಲ್ವೊ! ಸಂಜೆಯೊಳಗೆ ಮೂರು ಸಾಲು ಮುಗಿಸಿದ್ರೆ ಪೊಟೀತ್ಸ!" (ಆಕ್ರೋಡು ತುಂಬಿದ ನಮ್ಮ ಸುರುಳಿ ರೊಟ್ಟಿ. ಅದಕ್ಕಾಗಿ ಸಿಲ್ವೊ ಬೆಟ್ಟವನ್ನಾದರೂ ಸರಿಸಿಯಾನು.)

"ನಂಗೇನು ಐದು ವರ್ಷವೇನೇ?" ಎಂದು ನಕ್ಕ. ಮೂರೂ ಸಾಲು ಮುಗಿಸಿ ತಿಂದ. ಮರುವಾರ ಎರಡು ಸಾಲಿಗೇ ನಿಲ್ಲಿಸಿ ಬಾಗಿಲಿಗೆ ಬಂದ. "ಎಲ್ಲಿ ಪೊಟೀತ್ಸ?"

"ಇನ್ನೊಂದು ಸಾಲು ಬಾಕಿ ಇದೆಯಲ್ಲ?"

"ಅದನ್ನ ತಿಂದ ಮೇಲೆ ನೋಡೋಣ."

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಮತ್ತೊಂದು ಮಹದಾಲೋಚನೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಸೌದೆ ಪೇರಿಸುವ ಸ್ಪರ್ಧೆ ಏರ್ಪಡಿಸಿದ್ದರು. (ಉರಿಸುವುದಕ್ಕೂ ಅವರೇ, ಆರಿಸುವುದಕ್ಕೂ ಅವರೇ.) ಸಿಲ್ವೊನನ್ನು ಕೇಳದೆಯೇ ಹೆಸರು ಕೊಟ್ಟು ಬಂದೆ. ಮೂವರು ತೀರ್ಪುಗಾರರು ಅಳತೆಪಟ್ಟಿ ಹಿಡಿದು ಬಂದು, ಸೂರ್ಯ ಎರಡು ಬೆರಳು ಎಡಕ್ಕಿದ್ದಾನೆ ಎಂದು ಬರೆದುಕೊಂಡರು. ಪಕ್ಕದ ಮನೆ ಟೋನ್ಚ್ಕಾಳ ಗಂಡನಿಗೆ ಮೊದಲ ಬಹುಮಾನ ಬಂತು. ನಮಗೆ ಎರಡನೆಯದು, ಒಂದು ತಗಡಿನ ಬಕೆಟ್ಟು. ಸ್ಪರ್ಧೆಯಲ್ಲಿದ್ದವರೇ ಇಬ್ಬರು.

ಅಂದಿನಿಂದ ಸಿಲ್ವೊ ಸೌದೆ ಮುಟ್ಟಲಿಲ್ಲ. ಅರ್ಧ ರಾಶಿ ಅಂಗಳದಲ್ಲೇ ಉಳಿಯಿತು. ಈ ಸಲ ಕಿಟಕಿಯ ಬದಲು ನನ್ನ ಅಡುಗೆಮನೆಯಲ್ಲಿ ಠಿಕಾಣಿ ಹೂಡಿ, ಪಾತ್ರೆಗಳ ಮುಚ್ಚಳ ತೆಗೆದು ಇಣುಕತೊಡಗಿದ.

"ಈರುಳ್ಳಿ ಇಷ್ಟು ದಪ್ಪಕ್ಕೆ ಹೆಚ್ಚೋದಾ?"

"ಮೂವತ್ನಾಲ್ಕು ವರ್ಷದಿಂದ ಹೀಗೇ ಹೆಚ್ತಿದ್ದೀನಿ. ಹೋಗಿ ನಿನ್ನ ಸೌದೆ ಜೋಡಿಸು ಮಾರಾಯ!"

"ಯಾತಕ್ಕೆ?"

ಚಾಕು ಕೆಳಗಿಟ್ಟು ಅವನ ಎದುರು ಕೂತೆ. "ಮೊದಲು ಯಾತಕ್ಕೆ ಮಾಡ್ತಿದ್ದೆ?"

ತೆಗೆದ ಮುಚ್ಚಳವನ್ನು ಪಾತ್ರೆಗೆ ಮುಚ್ಚಿದ. "ಗೊತ್ತಿಲ್ಲ ಆಂಗೆಲ್ಕಾ. ಆಗ ಸೌದೆ ಮಾತ್ರ ಕಾಣ್ತಿತ್ತು. ಈಗ ಕೈ ಹಾಕಿದ್ರೆ ಬೆನ್ನ ಹಿಂದೆ ಯಾರೋ ನಿಂತು ನೋಡ್ತಿದ್ದಾರೆ ಅನ್ಸುತ್ತೆ."

"ಯಾರು?"

"ಒಂದೊಂದ್ಸಲ ಆ ಮೂವರು ತೀರ್ಪುಗಾರರು. ಹೆಚ್ಚಾಗಿ ನೀನೇ" ಎಂದ. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನೂ ತಿರುಗಿ ಅಂದು ಹಗುರಾಗುತ್ತಿದ್ದೆ.

ಅಕ್ಟೋಬರ್‌ನಲ್ಲಿ ಕೊನೆಯ ಉಪಾಯ ಹೂಡಿದೆ. ಉಳಿದ ಸೌದೆಯನ್ನು ನಾನೇ ಪೇರಿಸುವುದು, ಅದೂ ಕಣ್ಣಿಗೆ ಚುಚ್ಚುವಷ್ಟು ಸೊಟ್ಟಗೆ. ನೋಡಲಾರದೆ ಓಡಿಬಂದಾನು ಎಂಬ ಆಸೆ. ನಾಲ್ಕನೇ ಸಾಲಿಗೆ ಇಡೀ ರಾಶಿ ದಡಬಡನೆ ನನ್ನ ಕಾಲ ಬಳಿ ಕುಸಿಯಿತು. ಬಾಗಿಲು ತೆರೆಯಿತು. ಸಿಲ್ವೊ ಬಂದ! ನನ್ನ ಕಾಲು ನೆಟ್ಟಗಿದೆಯೇ ಎಂದು ನೋಡಿದ. ಬಗ್ಗಿ ಒಂದು ಸೌದೆ ಎತ್ತಿಕೊಂಡ. ಕೈಯಲ್ಲಿ ತೂಗಿದ, ಗೋಡೆಯತ್ತ ನೋಡಿದ. ನಾನು ನೋಡುತ್ತಿಲ್ಲ ಎಂದು ತೋರಿಸಲು ಮುಖ ಆಚೆ ತಿರುಗಿಸಿದೆ.

ಅಡುಗೆಮನೆಯ ಕಬ್ಬಿಣದ ಒಲೆಯ ಬಾಗಿಲು ಕಿರ್ ಎಂದು ತೆರೆದ ಸದ್ದು ಒಳಗಿನಿಂದ ಕೇಳಿತು.

"ಇನ್ನೊಂದೆರಡು ತಾರೇ, ಚೆನ್ನಾಗಿ ಉರೀತಿದೆ!" ಎಂದು ಕೂಗಿದ.

ಎರಡು ಎತ್ತಿಕೊಂಡು ಹೋಗಿ ಕೊಟ್ಟೆ. ಮಿಕ್ಕಿದ್ದನ್ನು ಪೇರಿಸುವುದಕ್ಕೆ ಮತ್ತೆ ಅಂಗಳಕ್ಕೆ ಬಂದೆ. ಮಳೆ ಹನಿಯತೊಡಗಿತ್ತು.